ಕಪ್ ಲೆಕ್ಕವನ್ನು ಗ್ರಾಂಗೆ ಬದಲಿಸಿದಾಗ ಅಡುಗೆ ಕೆಟ್ಟರೆ: ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಮೈಸೂರು ಪಾಕ್‌ಗೆ “1 ಕಪ್ ಕಡಲೆ ಹಿಟ್ಟು, 2 ಕಪ್ ಸಕ್ಕರೆ, 2 ಕಪ್ ತುಪ್ಪ” ಎಂದು ಬರೆದಿರುತ್ತದೆ. ಮನೆಗೆ ಡಿಜಿಟಲ್ ತಕ್ಕಡಿ ಬಂದಿದೆ, ತೂಗಿಯೇ ಮಾಡೋಣ ಅನ್ನಿಸುತ್ತದೆ. 100 ಗ್ರಾಂ ಹಿಟ್ಟು, 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ ತೂಗಿ ಇಡುತ್ತೀರಿ. ಒಂದಕ್ಕೆ ಎರಡು, ಎರಡು. ಲೆಕ್ಕ ಸರಿ ಇದೆ ಅಲ್ವಾ? ಆದರೆ ತಟ್ಟೆಯಲ್ಲಿ ಆರಿದ ಮೇಲೆ ನೋಡಿದರೆ ಒಣಗಿ, ಗಟ್ಟಿಯಾಗಿ, ಬಾಯಿಗಿಟ್ಟರೆ ಹಿಟ್ಟು ಹಿಟ್ಟು.

ಹೀಗಾದಾಗ ಎಲ್ಲರೂ ಪಾಕದ ಹದವನ್ನೇ ದೂರುತ್ತಾರೆ. ಪಾಕಕ್ಕೆ ಹೋಗುವ ಮೊದಲೇ ತಪ್ಪು ಆಗಿರುತ್ತದೆ. 240 ಮಿ.ಲೀ. ಕಪ್‌ನಲ್ಲಿ ಜರಡಿ ಹಿಡಿದ ಕಡಲೆ ಹಿಟ್ಟು ಸುಮಾರು 100 ಗ್ರಾಂ ಹಿಡಿಯುತ್ತದೆ. ಅದೇ ಕಪ್‌ನಲ್ಲಿ ಸಕ್ಕರೆ ಸುಮಾರು 200 ಗ್ರಾಂ. ಕರಗಿದ ತುಪ್ಪ ಸುಮಾರು 218 ಗ್ರಾಂ. ಅಂದರೆ ಬರೆದವರು ಹೇಳಿದ್ದು 100 ಗ್ರಾಂ ಹಿಟ್ಟಿಗೆ 400 ಗ್ರಾಂ ಸಕ್ಕರೆ, 435 ಗ್ರಾಂ ತುಪ್ಪ. ನೀವು ಹಾಕಿದ್ದು ಅದರ ಅರ್ಧ. ಕಪ್‌ನ ಅನುಪಾತವನ್ನು ಹಾಗೇ ಗ್ರಾಂ ಅನುಪಾತ ಎಂದುಕೊಂಡಿದ್ದೇ ಇದಕ್ಕೆಲ್ಲ ಕಾರಣ.

ಕಪ್ ಅಳೆಯುವುದು ಜಾಗವನ್ನು. ತಕ್ಕಡಿ ಅಳೆಯುವುದು ತೂಕವನ್ನು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಮೂರು ವಿಷಯಗಳಿವೆ: ಕಪ್ ಎಷ್ಟು ದೊಡ್ಡದು, ಪದಾರ್ಥ ಎಷ್ಟು ಭಾರ, ಅದನ್ನು ಹೇಗೆ ತುಂಬಿದಿರಿ. ಈ ಮೂರರಲ್ಲಿ ಒಂದು ಗೊತ್ತಿಲ್ಲದಿದ್ದರೂ ಬದಲಿಸಿದ ಲೆಕ್ಕವನ್ನು ನಂಬುವ ಹಾಗಿಲ್ಲ. ಸಿದ್ಧ ಪಟ್ಟಿಗಳು ಸಹಾಯ ಮಾಡುತ್ತವೆ, ಆದರೆ ಆ ಪಟ್ಟಿ ಮಾಡಿದವರ ಕಪ್ ಬೇರೆ, ಹಿಟ್ಟು ಬೇರೆ, ಕೈ ಬೇರೆ. ಅದಕ್ಕೇ ನಿಮ್ಮ ಮನೆಯ ಕಪ್ ಮತ್ತು ನಿಮ್ಮ ಡಬ್ಬದ ಹಿಟ್ಟನ್ನು ಒಮ್ಮೆ ನೀವೇ ತೂಗಿ ನೋಡಿ ಎಂದು ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಅರ್ಧ ಗಂಟೆಯ ಕೆಲಸ.

ಬದಲಿಸುವ ಅಗತ್ಯ ಇದೆಯಾ?

ತಪ್ಪು ಹುಡುಕುವ ಮೊದಲು ಇದನ್ನು ನೋಡಿಕೊಳ್ಳಿ. ವಿಧಾನದಲ್ಲಿ ಎಲ್ಲವೂ ಕಪ್ ಲೆಕ್ಕದಲ್ಲೇ ಇದ್ದರೆ, ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆದರೆ ಸಾಕು. ಲೋಟ 150 ಮಿ.ಲೀ. ಇರಲಿ, 300 ಇರಲಿ, ಅನುಪಾತ ಬದಲಾಗುವುದಿಲ್ಲ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಎನ್ನುವ ಲೆಕ್ಕ ತಲೆತಲಾಂತರದಿಂದ ತಪ್ಪದೆ ನಡೆದಿರುವುದು ಇದೇ ಕಾರಣಕ್ಕೆ. ಇಂಥ ಕಡೆ ತಕ್ಕಡಿ ತಂದರೆ ತೊಂದರೆಯನ್ನು ಸುಮ್ನೆ ಕರೆದಂತೆ.

ತೊಂದರೆ ಶುರುವಾಗುವುದು ಎರಡು ಬಗೆಯ ಅಳತೆ ಬೆರೆತಾಗ. “ಅರ್ಧ ಕೆ.ಜಿ. ಅಕ್ಕಿ ಹಿಟ್ಟಿಗೆ 2 ಕಪ್ ನೀರು” ಎಂದಾಗ, ಕೇಕ್‌ಗೆ “3 ಮೊಟ್ಟೆ, ಒಂದೂವರೆ ಕಪ್ ಮೈದಾ” ಎಂದಾಗ, ಅಥವಾ “ಒಂದು ಪ್ಯಾಕೆಟ್ ಬೆಣ್ಣೆ” ಎಂದಾಗ. ಮೊಟ್ಟೆಯಾಗಲಿ, ಪ್ಯಾಕೆಟ್ ಆಗಲಿ ನಿಮ್ಮ ಲೋಟದ ಗಾತ್ರಕ್ಕೆ ತಕ್ಕಂತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಲ್ಲಿ ಕಪ್ ಎಷ್ಟು ಮಿ.ಲೀ. ಎನ್ನುವುದು ಗೊತ್ತಿರಲೇಬೇಕು.

ಕೆಲವು ಅಡುಗೆಗಳಲ್ಲಿ ತಪ್ಪು ಮಾಡಿದರೂ ಗೊತ್ತಾಗುವುದಿಲ್ಲ. ಇಡ್ಲಿಗೆ 1 ಕಪ್ ಉದ್ದಿನಬೇಳೆ, 3 ಕಪ್ ಅಕ್ಕಿ ಎಂಬುದನ್ನು 200 ಗ್ರಾಂ ಬೇಳೆ, 600 ಗ್ರಾಂ ಅಕ್ಕಿ ಎಂದು ಬದಲಿಸಿದರೆ ಇಡ್ಲಿ ಚೆನ್ನಾಗಿಯೇ ಆಗುತ್ತದೆ. ಯಾಕೆಂದರೆ ಒಂದು ಕಪ್ ಬೇಳೆ ಮತ್ತು ಒಂದು ಕಪ್ ಅಕ್ಕಿಯ ತೂಕ ಹತ್ತಿರ ಹತ್ತಿರ ಇದೆ. “ಇಡ್ಲಿಗೆ ಹೀಗೇ ಮಾಡಿದೆ, ಸರಿಯಾಯಿತಲ್ಲ” ಎಂದು ಅದೇ ಲೆಕ್ಕವನ್ನು ಮೈಸೂರು ಪಾಕ್‌ಗೆ ತಂದಾಗ ಸಿಕ್ಕಿಬೀಳುತ್ತೀರಿ. ಹಗುರವಾದ ಹಿಟ್ಟು, ಭಾರವಾದ ಸಕ್ಕರೆ ಅಥವಾ ತುಪ್ಪ ಒಟ್ಟಿಗೆ ಬರುವ ಅಡುಗೆಯಲ್ಲಿ ಈ ತಪ್ಪು ಎದ್ದು ಕಾಣುತ್ತದೆ.

ತಕ್ಕಡಿಯನ್ನು ಮೊದಲು ಪರೀಕ್ಷಿಸಿ

ತಕ್ಕಡಿಯೇ ಸುಳ್ಳು ಹೇಳುತ್ತಿದ್ದರೆ ಮುಂದಿನ ಎಲ್ಲ ಪರೀಕ್ಷೆಯೂ ದಂಡ. ಗಟ್ಟಿಯಾದ, ಮಟ್ಟವಾದ ಕಲ್ಲಿನ ಮೇಲಿಡಿ. ಕೆಳಗೆ ಬಟ್ಟೆ ಅಥವಾ ಮ್ಯಾಟ್ ಬೇಡ. 10 ರೂಪಾಯಿಯ ಒಂದು ನಾಣ್ಯ ಸುಮಾರು 7.7 ಗ್ರಾಂ ಇರುತ್ತದೆ. ಹತ್ತು ನಾಣ್ಯ ಇಟ್ಟರೆ 77 ಗ್ರಾಂ ಆಸುಪಾಸು ತೋರಿಸಬೇಕು. ದೊಡ್ಡ ತೂಕಕ್ಕೆ ಒಡೆಯದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ. ಹಾಲು ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಕವರ್ ಸೇರಿ 515ರಿಂದ 520 ಗ್ರಾಂ ಬರಬೇಕು. ಎರಡೂ ಸರಿ ಬಂದರೆ ತಕ್ಕಡಿ ಚೆನ್ನಾಗಿದೆ. ಎರಡೂ ಒಂದೇ ದಿಕ್ಕಿನಲ್ಲಿ ತಪ್ಪಿದರೆ ಬ್ಯಾಟರಿ ಬದಲಿಸಿ ಮತ್ತೆ ನೋಡಿ. ಅದೇ ನಾಣ್ಯಗಳಿಗೆ ಪ್ರತಿ ಸಲ ಬೇರೆ ಬೇರೆ ಅಂಕಿ ಬಂದರೆ ಆ ತಕ್ಕಡಿಯನ್ನು ಬಿಟ್ಟುಬಿಡಿ.

ಹೆಚ್ಚು ಜನ ಗಮನಿಸದ ಒಂದು ಬಟನ್ ಇದೆ: ಯೂನಿಟ್. ಅದನ್ನು ಒತ್ತಿದರೆ ಗ್ರಾಂ, ಔನ್ಸ್, ಮಿ.ಲೀ. ಎಂದು ಬದಲಾಗುತ್ತಾ ಹೋಗುತ್ತದೆ. ಕೈ ತಾಗಿ ಬದಲಾದದ್ದು ಗೊತ್ತೇ ಆಗುವುದಿಲ್ಲ. ತಕ್ಕಡಿಗೆ ನಿಜವಾಗಿ ಮಿ.ಲೀ. ಗೊತ್ತಿಲ್ಲ. ಪಾತ್ರೆಯಲ್ಲಿ ಇರುವುದು ನೀರು ಎಂದುಕೊಂಡು ಗ್ರಾಂ ಅನ್ನೇ ಮಿ.ಲೀ. ಎಂದು ತೋರಿಸುತ್ತದೆ, ಅಷ್ಟೇ. ಕೆಲವದರಲ್ಲಿ ಹಾಲಿಗೆ ಬೇರೆ ಆಯ್ಕೆ ಇರುತ್ತದೆ. ಎಣ್ಣೆಗೆ ಈ ಲೆಕ್ಕ ಹೊಂದುವುದಿಲ್ಲ. ತೆರೆಯ ಮೇಲೆ 100 ಮಿ.ಲೀ. ಎಂದು ಬಂದಾಗ ನಿಮ್ಮ ಪಾತ್ರೆಯಲ್ಲಿ ಇರುವುದು ಸುಮಾರು 109 ಮಿ.ಲೀ. ಎಣ್ಣೆ. ತಕ್ಕಡಿಯನ್ನು ಯಾವಾಗಲೂ ಗ್ರಾಂನಲ್ಲೇ ಇಟ್ಟುಕೊಳ್ಳಿ.

ಔನ್ಸ್ ವಿಷಯದಲ್ಲಿ ಇನ್ನೊಂದು ಹಳ್ಳ ಇದೆ. ಅಮೆರಿಕದ ವಿಧಾನಗಳಲ್ಲಿ 8 ಔನ್ಸ್ ಎಂದರೆ ತೂಕ, 227 ಗ್ರಾಂ. 8 ಫ್ಲೂಯಿಡ್ ಔನ್ಸ್ ಎಂದರೆ ಜಾಗ, ಅಂದರೆ ಅವರ ಒಂದು ಕಪ್. 8 ಔನ್ಸ್ ಮೈದಾ ಎಂಬುದನ್ನು ಒಂದು ಕಪ್ ಎಂದು ಓದಿಕೊಂಡರೆ 227ರ ಬದಲು ಸುಮಾರು 125 ಗ್ರಾಂ ಮಾತ್ರ ಬೀಳುತ್ತದೆ. ಕೇಕ್ ಹಿಟ್ಟು ತೀರಾ ನೀರಾಗಿದ್ದರೆ ಮೊದಲು ಇಲ್ಲಿ ನೋಡಿ.

ಮುಂದಿನದು ಕಪ್

ಖಾಲಿ ಕಪ್ ಅನ್ನು ತಕ್ಕಡಿಯ ಮೇಲಿಡಿ. ಟೇರ್ ಒತ್ತಿ ಸೊನ್ನೆ ಮಾಡಿ. ಅಂಚಿನವರೆಗೆ ನೀರು ತುಂಬಿ. ಬಂದ ಗ್ರಾಂ ಅಂಕಿಯೇ ಕಪ್‌ನ ಮಿ.ಲೀ., ಯಾಕೆಂದರೆ ಅಡುಗೆ ಲೆಕ್ಕಕ್ಕೆ 1 ಮಿ.ಲೀ. ನೀರು 1 ಗ್ರಾಂ. ಆ ಅಂಕಿಯನ್ನು ಕಪ್‌ನ ತಳಕ್ಕೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದುಬಿಡಿ.

240 ಆಸುಪಾಸು ಬಂದರೆ ಅದು ಅಮೆರಿಕದ ಅಳತೆಯ ಕಪ್. 250 ಬಂದರೆ ಮೆಟ್ರಿಕ್ ಕಪ್, ಆಸ್ಟ್ರೇಲಿಯಾದಲ್ಲಿ ಇದೇ ನಡೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಸೆಟ್ ಆಗಿ ಸಿಗುವ ಅಳತೆ ಕಪ್‌ಗಳು ಈ ಎರಡರಲ್ಲಿ ಒಂದಾಗಿರುತ್ತವೆ. ಜಪಾನಿನ ಕಪ್ 200 ಮಿ.ಲೀ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಅಥವಾ 160 ಮಿ.ಲೀ. ಈ ಕುಕ್ಕರ್ ಕಪ್ ಬಹಳ ಮನೆಗಳಲ್ಲಿ ತೊಂದರೆ ಕೊಡುತ್ತದೆ. ನೋಡಲು ಅಳತೆ ಕಪ್‌ನಂತೆಯೇ ಇದೆ, ಡ್ರಾಯರ್‌ನಲ್ಲಿ ಕೈಗೆ ಮೊದಲು ಸಿಗುತ್ತದೆ. ಅದರಲ್ಲಿ ಅಳೆದು 240ರ ಪಟ್ಟಿ ನೋಡಿದರೆ ನಾಲ್ಕರಲ್ಲಿ ಒಂದು ಭಾಗ ಕಡಿಮೆ ಬೀಳುತ್ತದೆ. ಕುಕ್ಕರ್ ಪಾತ್ರೆಯ ಒಳಗಿನ ಗೆರೆಗಳಿಗೆ ಮಾತ್ರ ಅದು ಹೊಂದುತ್ತದೆ. ಅದನ್ನು ಕುಕ್ಕರ್ ಒಳಗೇ ಇಡಿ.

ಅರ್ಧ ಕಪ್, ಕಾಲು ಕಪ್‌ಗಳನ್ನೂ ಇದೇ ರೀತಿ ನೋಡಿ. ಅಗ್ಗದ ಸೆಟ್‌ಗಳಲ್ಲಿ ಎರಡು ಅರ್ಧ ಸೇರಿದರೆ ಒಂದು ಆಗುವುದಿಲ್ಲ.

ಚಮಚದ ಕಥೆಯೂ ಇದೇ. ಅಳತೆಯ ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15 ಮಿ.ಲೀ. ಆಸ್ಟ್ರೇಲಿಯಾದಲ್ಲಿ ಮಾತ್ರ ಟೇಬಲ್ ಚಮಚ 20 ಮಿ.ಲೀ. ಅಲ್ಲಿರುವ ಕನ್ನಡಿಗರು ಬೆಂಗಳೂರಿನವರು ಬರೆದ ವಿಧಾನ ನೋಡಿ ಮಾಡುವಾಗ 3 ಟೇಬಲ್ ಚಮಚ ಎಂದರೆ 45ರ ಬದಲು 60 ಮಿ.ಲೀ. ಹೋಗುತ್ತದೆ. ತಿನ್ನುವ ಚಮಚ, ಸಾಂಬಾರ್ ಚಮಚ ಇವಕ್ಕೆ ಯಾವ ನಿಯಮವೂ ಇಲ್ಲ.

ಸೇರು, ಪಾವು ಬಂದರೆ

ಅಜ್ಜಿಯ ನೋಟ್‌ಬುಕ್‌ನಿಂದ ಮಾಡುವಾಗ ಬೇರೆಯೇ ತೊಡಕು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಆದರೆ ಸೇರು ಎನ್ನುವುದು ತೂಕವೂ ಹೌದು, ಅಳತೆ ಪಾತ್ರೆಯೂ ಹೌದು. ಬ್ರಿಟಿಷರ ಕಾಲದಲ್ಲಿ ನಿಗದಿಯಾದ ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅಕ್ಕಿ, ಬೇಳೆ, ರಾಗಿ ಅಳೆಯುತ್ತಿದ್ದ ಪಾತ್ರೆಯ ಸೇರು ಊರಿಂದ ಊರಿಗೆ ಬೇರೆ ಇತ್ತು. 1956ರಲ್ಲಿ ಕಾನೂನು ಬಂದು, 1958ರಿಂದ ಮೆಟ್ರಿಕ್ ತೂಕಗಳು ಜಾರಿಗೆ ಬಂದ ಮೇಲೂ ಮನೆಗಳಲ್ಲಿ ಆ ಪಾತ್ರೆಗಳು ಉಳಿದವು.

ಹಾಗಾಗಿ ನೋಟ್‌ಬುಕ್‌ನಲ್ಲಿ “1 ಪಾವು ಅಕ್ಕಿ” ಎಂದಿದ್ದರೆ ಯಾವುದೋ ಪಟ್ಟಿ ನೋಡಬೇಡಿ. ಅದೇ ಮನೆಯ ಹಳೆಯ ಪಾವು ಸಿಕ್ಕಿದರೆ ನೀರು ತುಂಬಿ ತೂಗಿ. ಪಾವು ಸಿಗದಿದ್ದರೆ ಆ ವಿಧಾನವನ್ನು ಅನುಪಾತವಾಗಿ ಓದಿ, ಒಂದೇ ಲೋಟದಲ್ಲಿ ಮಾಡಿ.

ಅಂಗಡಿಯಲ್ಲಿ “ಪಾವ್ ಕೆ.ಜಿ.” ಎಂದರೆ 250 ಗ್ರಾಂ. ಉತ್ತರ ಕರ್ನಾಟಕದ ಕಡೆ ಇದು ದಿನದ ಮಾತು. ನೋಟ್‌ಬುಕ್‌ನಲ್ಲಿ “ಪಾವು ಬೆಲ್ಲ” ಎಂದಷ್ಟೇ ಇದ್ದಾಗ ಅದು ತೂಕವೋ ಪಾತ್ರೆಯೋ ಎಂದು ಬರೆದವರನ್ನೇ ಕೇಳಿ. ಅವರು ಇಲ್ಲದಿದ್ದರೆ ಅದೇ ಪುಟದ ಉಳಿದ ಅಳತೆ ನೋಡಿ. ಅಕ್ಕಿಗೂ ಬೇಳೆಗೂ ಪಾವು ಎಂದೇ ಇದ್ದರೆ ಪಾತ್ರೆಯ ಅಳತೆ ಇರಬಹುದು. ಉಳಿದದ್ದೆಲ್ಲ ಕೆ.ಜಿ.ಯಲ್ಲಿದ್ದರೆ ತೂಕ ಎಂದು ಹಿಡಿಯಬಹುದು.

ಪದಾರ್ಥದ ತೂಕ

ಒಂದು ಸರಳ ತಾಳೆ ಇದೆ. ನಿಮ್ಮ ಕಪ್ 240 ಮಿ.ಲೀ. ಆದರೆ ಅದರಲ್ಲಿ ನೀರು 240 ಗ್ರಾಂ. ಯಾವ ಹಿಟ್ಟೂ ಅಷ್ಟು ಭಾರ ಇರುವುದಿಲ್ಲ. “1 ಕಪ್ ಮೈದಾ 240 ಗ್ರಾಂ” ಅಥವಾ “1 ಕಪ್ ಎಂದರೆ 250 ಗ್ರಾಂ” ಎಂದು ಎಲ್ಲಿ ನೋಡಿದರೂ, ಬರೆದವರು ಮೈದಾವನ್ನು ನೀರು ಎಂದುಕೊಂಡಿದ್ದಾರೆ ಎಂದೇ ಅರ್ಥ. ಇಂಥ ಒಂದೇ ಒಂದು ಸಾಲು ಇದ್ದರೂ ಆ ಪಟ್ಟಿಯನ್ನು ನಂಬಬೇಡಿ.

240 ಮಿ.ಲೀ. ಕಪ್ ಅನ್ನು ಮೆಲ್ಲಗೆ ತುಂಬಿ, ಮೇಲೆ ಚಾಕುವಿನಿಂದ ಮಟ್ಟ ಸವರಿದಾಗ ಸುಮಾರಾಗಿ ಇಷ್ಟು ಬರುತ್ತದೆ:

ಮೈದಾ 120ರಿಂದ 130 ಗ್ರಾಂ. ಗೋಧಿ ಹಿಟ್ಟು 115ರಿಂದ 130.
ಕಡಲೆ ಹಿಟ್ಟು 90ರಿಂದ 120. ಜರಡಿ ಹಿಡಿದರೆ ಕೆಳಗಿನ ಅಂಕಿ, ಒತ್ತಿದ್ದರೆ ಮೇಲಿನದು.
ಅಕ್ಕಿ ಹಿಟ್ಟು 140ರಿಂದ 160. ರವೆ 160ರಿಂದ 175.
ಅಕ್ಕಿ 185ರಿಂದ 200. ಉದ್ದಿನಬೇಳೆ 200 ಆಸುಪಾಸು.
ಸಕ್ಕರೆ 200. ಸಕ್ಕರೆ ಪುಡಿ 120.
ಕರಗಿದ ತುಪ್ಪ, ಅಡುಗೆ ಎಣ್ಣೆ 215ರಿಂದ 220. ಹಾಲು 245ರಿಂದ 248.
ಜೇನುತುಪ್ಪ 340. ಪುಡಿ ಉಪ್ಪು 290 ಹತ್ತಿರ.
ಮಂಡಕ್ಕಿ 15 ಗ್ರಾಂ.

ಮಂಡಕ್ಕಿಯಿಂದ ಜೇನುತುಪ್ಪದವರೆಗೆ ನೋಡಿ, ಒಂದೇ ಕಪ್‌ನಲ್ಲಿ 15ರಿಂದ 340. “ಕಪ್‌ಗೆ ಎಷ್ಟು ಗ್ರಾಂ” ಎಂಬ ಪ್ರಶ್ನೆಗೆ ಪದಾರ್ಥದ ಹೆಸರು ಹೇಳದೆ ಉತ್ತರವೇ ಇಲ್ಲ. ನಿಮ್ಮ ಕಪ್ 250 ಆದರೆ ಈ ಅಂಕಿಗಳನ್ನು 1.04ರಿಂದ ಗುಣಿಸಿ. 200 ಆದರೆ 0.83ರಿಂದ. 180ರ ಕುಕ್ಕರ್ ಕಪ್ ಆದರೆ 0.75ರಿಂದ.

ಅವಲಕ್ಕಿಗೆ ನಾನು ಅಂಕಿ ಕೊಟ್ಟಿಲ್ಲ, ಬೇಕೆಂದೇ. ಪೇಪರ್ ಅವಲಕ್ಕಿ, ಮಧ್ಯಮ, ಗಟ್ಟಿ ಇವುಗಳ ನಡುವೆ ಅಷ್ಟು ವ್ಯತ್ಯಾಸ ಇದೆ. ಬೆಲ್ಲವೂ ಹಾಗೇ. ತುರಿದ ಬೆಲ್ಲ, ಕುಟ್ಟಿದ ಬೆಲ್ಲ, ಪುಡಿ ಬೆಲ್ಲ ಮೂರೂ ಕಪ್‌ನಲ್ಲಿ ಬೇರೆ ಬೇರೆ ತೂಕ. ಕುಟ್ಟಿದ ಉಂಡೆಗಳ ನಡುವೆ ಗಾಳಿಗೆ ಜಾಗ ಜಾಸ್ತಿ. ಮಲೆನಾಡಿನ ಜೋನಿ ಬೆಲ್ಲ ಪೂರ್ತಿ ದ್ರವ, ಒಂದಿಷ್ಟೂ ಜಾಗ ಬಿಡದೆ ಕಪ್ ತುಂಬುತ್ತದೆ, ನೀರಿಗಿಂತ ಭಾರ. ಒಬ್ಬಟ್ಟಿನ ಹೂರಣ ಒಂದು ಹಬ್ಬಕ್ಕೆ ಸಡಿಲ, ಇನ್ನೊಂದು ಹಬ್ಬಕ್ಕೆ ಗಟ್ಟಿ ಆಗುತ್ತಿದ್ದರೆ ಬೆಲ್ಲವನ್ನು ಕಪ್‌ನಲ್ಲಿ ಅಳೆಯುವುದು ನಿಲ್ಲಿಸಿ, ಚೆನ್ನಾಗಿ ಆದ ದಿನದ ತೂಕ ಬರೆದಿಟ್ಟುಕೊಳ್ಳಿ. ತೆಂಗಿನ ತುರಿಯೂ ಇದೇ ಗುಂಪು. ಹೊರದೇಶದಲ್ಲಿ ಫ್ರೋಜನ್ ತುರಿ ಬಳಸುವವರು ಗಮನಿಸಿ: ಕರಗಿದ ತುರಿ ಒತ್ತಿಕೊಂಡಿರುತ್ತದೆ. ಊರಿನವರು ಹೇಳಿದ ಒಂದು ಕಪ್ ಹಗುರ ತುರಿಗಿಂತ ಅದರ ಒಂದು ಕಪ್ ಜಾಸ್ತಿ ತೂಗುತ್ತದೆ.

ಉಪ್ಪಿನ ವಿಷಯ ನಿಜಕ್ಕೂ ಮುಖ್ಯ. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಇರುತ್ತದೆ. ಪುಡಿ ಉಪ್ಪಿನಲ್ಲಿ ಅಷ್ಟು ಇರುವುದಿಲ್ಲ. ಉಪ್ಪಿನಕಾಯಿಗೆ “1 ಕಪ್ ಕಲ್ಲುಪ್ಪು” ಎಂದಿದ್ದಾಗ ಅದೇ ಕಪ್ ತುಂಬಾ ಪುಡಿ ಉಪ್ಪು ಹಾಕಿದರೆ ತಿನ್ನಲಾಗದಷ್ಟು ಉಪ್ಪಾಗುತ್ತದೆ. ಪುಡಿ ಉಪ್ಪಿನ ಅಳತೆಗೆ ಕಲ್ಲುಪ್ಪು ಹಾಕಿದರೆ ಇನ್ನೂ ಕೆಟ್ಟದ್ದು, ಉಪ್ಪು ಸಾಲದೆ ಬೂಸ್ಟು ಬರುತ್ತದೆ. ನಿಮ್ಮ ಮನೆಯ ಕಲ್ಲುಪ್ಪನ್ನು ಒಂದು ಕಪ್ ತೂಗಿ. ಅಷ್ಟೇ ಗ್ರಾಂ ಪುಡಿ ಉಪ್ಪು ತೂಗಿ ಹಾಕಿ. ಮತ್ತೆ ಕಪ್ ಮುಟ್ಟಬೇಡಿ.

ಲೀಟರ್ ಮತ್ತು ಕೆ.ಜಿ.

ಎಣ್ಣೆ ಮತ್ತು ತುಪ್ಪ ಒಮ್ಮೆ ಲೀಟರ್‌ನಲ್ಲಿ ಸಿಗುತ್ತವೆ, ಒಮ್ಮೆ ಗ್ರಾಂನಲ್ಲಿ. 1 ಲೀಟರ್ ಎಣ್ಣೆ 1 ಕೆ.ಜಿ. ಅಲ್ಲ, ಸುಮಾರು 910 ಗ್ರಾಂ. ಪ್ಯಾಕೆಟ್ ಮೇಲೆ ಎರಡೂ ಅಂಕಿ ಮುದ್ರಿಸಿರುವುದನ್ನು ನೋಡಿರುತ್ತೀರಿ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಸೋಯಾ ಎಣ್ಣೆ 1 ಲೀಟರ್ 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಪ್ಯಾಕೆಟ್ ಮೇಲೆ ಹೆಚ್ಚಿನ ಉಷ್ಣತೆ ಬರೆದು ಕಡಿಮೆ ತೂಕ ಕೊಡುವ ಅಭ್ಯಾಸ ಇತ್ತು. ಅದಕ್ಕೇ 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಉಷ್ಣತೆ ಬರೆಯದೆ, ಅಳತೆಗೆ ಸರಿಯಾದ ತೂಕ ಕೊಡಿ ಎಂದು ತಯಾರಕರಿಗೆ ಸೂಚಿಸಿತು.

ಅಡುಗೆಗೆ ಇದರಿಂದ ಏನಾಗುತ್ತದೆ? ಅರ್ಧ ಲೀಟರ್ ತುಪ್ಪದ ಬಾಟಲಿಯನ್ನು ಅರ್ಧ ಕೆ.ಜಿ. ಎಂದು ಸುರಿದರೆ 45 ಗ್ರಾಂ ಕಡಿಮೆ. ಒಂದು ತಟ್ಟೆ ಮೈಸೂರು ಪಾಕ್‌ಗೆ ಇದನ್ನು ಸಹಿಸಬಹುದು. ಮದುವೆ ಮನೆಗೆ 10 ಲೀಟರ್ ಲೆಕ್ಕದಲ್ಲಿ 900 ಗ್ರಾಂ ಕಡಿಮೆ ಬಿದ್ದರೆ ಸಹಿಸಲಾಗದು.

ತುಪ್ಪಕ್ಕೆ ಇನ್ನೊಂದು ಮಾತು. ಚಳಿಗಾಲದಲ್ಲಿ ಮರಳುಮರಳಾಗಿ ಗಟ್ಟಿಯಾದ ತುಪ್ಪವನ್ನು ಚಮಚದಿಂದ ತೋಡಿ ಕಪ್‌ಗೆ ಹಾಕಿದರೆ ನಡುವೆ ಗಾಳಿ ಉಳಿಯುತ್ತದೆ. ಕರಗಿಸಿದ ಮೇಲೆ ಕಪ್ ತುಂಬಿರುವುದಿಲ್ಲ. ಕರಗಿಸಿಯೇ ಅಳೆಯಿರಿ, ಇಲ್ಲವೇ ತೂಗಿ.

ತುಂಬುವ ಕೈ

ಕಪ್ ಸರಿ, ತಕ್ಕಡಿ ಸರಿ, ಪಟ್ಟಿಯೂ ಸರಿ. ಆದರೂ ಕೇಕ್ ಇಟ್ಟಿಗೆಯಂತೆ ಬರುತ್ತಿದ್ದರೆ ತುಂಬುವ ರೀತಿಯನ್ನು ನೋಡಬೇಕು. ಇದಕ್ಕೆ ಒಂದು ಪರೀಕ್ಷೆ ಮಾಡಿ. ಡಬ್ಬದಲ್ಲಿ ಕಪ್ ಮುಳುಗಿಸಿ ಮೈದಾ ಎತ್ತಿ, ಮಟ್ಟ ಸವರಿ, ತೂಗಿ. ಈಗ ಅದೇ ಮೈದಾವನ್ನು ಚಮಚದಿಂದ ಸಡಿಲ ಮಾಡಿ, ಚಮಚ ಚಮಚವಾಗಿ ಕಪ್‌ಗೆ ಹಾಕಿ, ಮಟ್ಟ ಸವರಿ, ತೂಗಿ. ಮೊದಲನೆಯದು 145 ದಾಟಬಹುದು. ಎರಡನೆಯದು 120ರಿಂದ 125ರಲ್ಲಿ ನಿಲ್ಲುತ್ತದೆ. ಕಪ್ ಅನ್ನು ಕಲ್ಲಿನ ಮೇಲೆ ಕುಟ್ಟಿ ಮತ್ತೆ ತುಂಬಿದರೆ ಇನ್ನೂ ಏರುತ್ತದೆ.

ಮೂರು ಕಪ್ ಮೈದಾ ಹಾಕುವ ಕಡೆ ಈ ವ್ಯತ್ಯಾಸ 60 ಗ್ರಾಂಗಿಂತ ಜಾಸ್ತಿ, ಅಂದರೆ ಅರ್ಧ ಕಪ್ ಹಿಟ್ಟು ಹೆಚ್ಚಾದಂತೆ. ಬ್ರೆಡ್ ಗಟ್ಟಿ, ಕೇಕ್ ಒಣ, ಶಂಕರಪೋಳಿ ಹಲ್ಲಿಗೆ ಬಗ್ಗದು. ಇದೆಲ್ಲದರ ಮೂಲ ಇಲ್ಲಿರುತ್ತದೆ.

ಹಿಟ್ಟಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಗಿರಣಿಯಿಂದ ಆಗಷ್ಟೇ ಬೀಸಿ ತಂದ ಅಕ್ಕಿ ಹಿಟ್ಟು ಉಬ್ಬಿಕೊಂಡು ಹಗುರವಾಗಿರುತ್ತದೆ. ತಿಂಗಳಾದ ಮೇಲೆ ಡಬ್ಬದ ತಳದ ಹಿಟ್ಟು ಒತ್ತಿಕೊಂಡಿರುತ್ತದೆ. ಅದೇ ಕಪ್, ಅದೇ ಕೈ, ಆದರೂ ತೂಕ ಬೇರೆ. ಚಕ್ಕುಲಿ ಒಮ್ಮೆ ಗರಿಗರಿ, ಒಮ್ಮೆ ಗಟ್ಟಿ ಆಗುವವರು ನೀರಿನ ಅಳತೆಯನ್ನಷ್ಟೇ ನೋಡದೆ ಹಿಟ್ಟನ್ನು ತೂಗಿ ನೋಡಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹಿಟ್ಟು, ಉಪ್ಪು, ಬೆಲ್ಲ ತೇವ ಹೀರುತ್ತವೆ. ಆಗ ತೂಕದಲ್ಲಿ ಸ್ವಲ್ಪ ನೀರೂ ಸೇರಿರುತ್ತದೆ. ತೂಗಿದರೂ ನೀರನ್ನು ಒಂದೆರಡು ಚಮಚ ಹಿಡಿದು ಹಾಕಿ.

ಬರೆದ ಸಾಲನ್ನು ಮತ್ತೆ ಓದಿ

“1 ಕಪ್ ಜರಡಿ ಹಿಡಿದ ಕಡಲೆ ಹಿಟ್ಟು” ಎಂದರೆ ಮೊದಲು ಜರಡಿ, ಆಮೇಲೆ ಅಳತೆ. “1 ಕಪ್ ಕಡಲೆ ಹಿಟ್ಟು, ಜರಡಿ ಹಿಡಿಯಿರಿ” ಎಂದರೆ ಮೊದಲು ಅಳತೆ. ಎರಡರ ನಡುವೆ 20 ಗ್ರಾಂ ಹೋಗಬಹುದು. “1 ಕಪ್ ನೆನೆಸಿದ ಕಡಲೆ ಕಾಳು” ಮತ್ತು “1 ಕಪ್ ಕಡಲೆ ಕಾಳು, ನೆನೆಸಿ” ಇವುಗಳ ನಡುವಿನ ಅಂತರ ಇನ್ನೂ ದೊಡ್ಡದು, ಯಾಕೆಂದರೆ ನೆನೆದ ಕಾಳು ಹೆಚ್ಚು ಕಡಿಮೆ ಎರಡರಷ್ಟು ತೂಗುತ್ತದೆ. ತೂಕಕ್ಕೆ ಬದಲಿಸುವಾಗ ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದನ್ನೂ ಜೊತೆಗೇ ಬರೆದುಕೊಳ್ಳಿ. ಇತರರಿಗೆ ವಿಧಾನ ಕಳಿಸುವಾಗ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪಡೆದವರು ಒದ್ದಾಡುತ್ತಾರೆ.

ಲೆಕ್ಕವನ್ನೂ ಒಮ್ಮೆ ನೋಡಿ. 240ರ ಕಪ್‌ನಲ್ಲಿ ಕಡಲೆ ಹಿಟ್ಟು 100 ಗ್ರಾಂ ಆದರೆ, 250 ಗ್ರಾಂ ಪ್ಯಾಕೆಟ್ ಎಂದರೆ ಎರಡೂವರೆ ಕಪ್. ಕಪ್‌ನಿಂದ ಗ್ರಾಂಗೆ ಹೋಗುವಾಗ ಗುಣಿಸಬೇಕು, ಗ್ರಾಂನಿಂದ ಕಪ್‌ಗೆ ಬರುವಾಗ ಭಾಗಿಸಬೇಕು. ಉಲ್ಟಾ ಆದರೆ ಉತ್ತರ ವಿಚಿತ್ರವಾಗಿ ಕಾಣುತ್ತದೆ, ಆದರೆ ಅವಸರದಲ್ಲಿ ಯಾರೂ ನೋಡುವುದಿಲ್ಲ.

ದೊಡ್ಡ ಪ್ರಮಾಣಕ್ಕೆ ಹೋಗುವ ಮೊದಲಂತೂ ಇದು ಬೇಕೇ ಬೇಕು. ಒಂದು ಕಪ್‌ಗೆ 20 ಗ್ರಾಂ ತಪ್ಪಿದರೆ ನಾಲಿಗೆಗೆ ಗೊತ್ತಾಗದೆ ಹೋಗಬಹುದು. ಅದೇ ವಿಧಾನವನ್ನು ಹಬ್ಬಕ್ಕೆಂದು 25 ಪಟ್ಟು ಮಾಡಿದರೆ ತಪ್ಪು ಅರ್ಧ ಕೆ.ಜಿ. ಆಗುತ್ತದೆ. ಹೆಚ್ಚು ಜನಕ್ಕೆ ಮಾಡುವುದಿದ್ದರೆ ಮೊದಲು ಒಂದು ಸಣ್ಣ ಅಳತೆಯನ್ನು ಕಪ್‌ನಲ್ಲೇ ಮಾಡಿ. ಪ್ರತಿ ಕಪ್ ಹಾಕುವಾಗ ತೂಗಿ ಬರೆದುಕೊಳ್ಳಿ. ರುಚಿ ಸರಿ ಬಂದರೆ ಆ ಗ್ರಾಂಗಳನ್ನು ಮಾತ್ರ ಹೆಚ್ಚಿಸಿ. ಕಪ್‌ಗಳನ್ನು ಎಣಿಸುತ್ತಾ ಹೋದರೆ ಹದಿನೇಳೋ ಹದಿನೆಂಟೋ ಎಂಬ ಗೊಂದಲವೂ ಸೇರಿಕೊಳ್ಳುತ್ತದೆ.

ತಕ್ಕಡಿ ಬೇಡದ ಜಾಗ

ಸೋಡಾ, ಬೇಕಿಂಗ್ ಪೌಡರ್, ಯೀಸ್ಟ್ ಇವುಗಳಿಗೆ ಸಾಮಾನ್ಯ ಅಡುಗೆಮನೆಯ ತಕ್ಕಡಿ ಬಳಸಬೇಡಿ. ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ. ಯೀಸ್ಟ್ ಸುಮಾರು 3 ಗ್ರಾಂ. 1 ಗ್ರಾಂ ಹೆಜ್ಜೆಯಲ್ಲಿ ಓದುವ ತಕ್ಕಡಿಯಲ್ಲಿ ಅಲ್ಲಿ ಒಂದು ಅಂಕಿ ತಪ್ಪಿದರೆ ಐದರಲ್ಲಿ ಒಂದು, ಮೂರರಲ್ಲಿ ಒಂದು ಭಾಗ ತಪ್ಪಿದಂತೆ. ಅದೂ ಅಲ್ಲದೆ ಚಿಟಿಕೆ ಚಿಟಿಕೆಯಾಗಿ ನಿಧಾನಕ್ಕೆ ಉದುರಿಸಿದರೆ ಬಹಳ ತಕ್ಕಡಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊನ್ನೆಯ ಹತ್ತಿರದ ಸಣ್ಣ ಬದಲಾವಣೆಯನ್ನು ತಾವೇ ಸೊನ್ನೆ ಮಾಡಿಕೊಳ್ಳುತ್ತವೆ. ನೀವು ಹಾಕುತ್ತಾ ಹೋಗುತ್ತೀರಿ, ತೆರೆಯ ಮೇಲೆ 0 ಹಾಗೇ ಇರುತ್ತದೆ. ಈ ಪದಾರ್ಥಗಳಿಗೆ 5 ಮಿ.ಲೀ. ಅಳತೆ ಚಮಚ, ಮಟ್ಟ ಸವರಿ. 0.1 ಗ್ರಾಂ ಓದುವ ಸಣ್ಣ ತಕ್ಕಡಿ ಇದ್ದರೆ ಮಾತ್ರ ತೂಗಿ.

ಇಷ್ಟೆಲ್ಲ ನೋಡಿದ ಮೇಲೂ ಅಡುಗೆ ಕೆಡುತ್ತಿದ್ದರೆ ಒಂದು ಕೊನೆಯ ಪರೀಕ್ಷೆ ಇದೆ. ಎಲ್ಲವನ್ನೂ ತೂಗಿ, ಅದೇ ಗ್ರಾಂಗಳಲ್ಲಿ ಎರಡು ಸಲ ಮಾಡಿ. ಎರಡೂ ಸಲ ಒಂದೇ ರೀತಿ ಗಟ್ಟಿ ಅಥವಾ ಒಂದೇ ರೀತಿ ಮೆತ್ತಗೆ ಬಂದರೆ ನಿಮ್ಮ ಅಳತೆ ಸ್ಥಿರವಾಗಿದೆ, ವಿಧಾನದ ಅಂಕಿಯನ್ನೇ ತಿದ್ದಬೇಕು. ಹಿಟ್ಟನ್ನು 10 ಗ್ರಾಂ ಇಳಿಸಿ ಇನ್ನೊಮ್ಮೆ ನೋಡಿ, ಒಂದು ಸಲಕ್ಕೆ ಒಂದೇ ಪದಾರ್ಥ ಬದಲಿಸಿ. ಎರಡು ಸಲ ಎರಡು ರೀತಿ ಬಂದರೆ ತೂಕದ ತಪ್ಪಲ್ಲ. ಉರಿ, ಪಾಕದ ಎಳೆ, ಕಾದ ಎಣ್ಣೆ, ಹಳೆಯ ಸೋಡಾ ಇವುಗಳ ಕಡೆ ಹೋಗಿ. ಮೈಸೂರು ಪಾಕ್ ಆದರೆ ಮೊದಲು ನೋಡಬೇಕಾದ್ದು ಒಂದೆಳೆ ಪಾಕ ಬಂದ ಕ್ಷಣ, ಆಮೇಲೆ ಹಾಕುವ ತುಪ್ಪ ಬಿಸಿಯಾಗಿತ್ತೇ ಎಂಬುದು.